ಗುಡ್ಡ ಹತ್ತಿದ ಬುತ್ತಿ

ಒಂಬತ್ತು ವರ್ಷ ತುಂಬುವವರೆಗೆ ನನಗೆ ಹಸಿವು ಎಂದರೆ ಏನೆಂದು ಗೊತ್ತಿರಲಿಲ್ಲ. ಊಟವೆಂದರೆ ಅವ್ವ ಹಿಂದೆ ಬಿದ್ದು ತಿನ್ನಿಸುವ, ನಾನು ಬಾಯಿ ಬಿಗಿದುಕೊಂಡು ತಪ್ಪಿಸಿಕೊಳ್ಳುವ ಒಂದು ದಿನನಿತ್ಯದ ಕಾಟ. ಹಟಮಾರಿ ಕೂಸು ಎಂದು ಓಣಿಯವರು ಅನ್ನುತ್ತಿದ್ದರು. ಹಟವಲ್ಲ ಅದು. ತುತ್ತು ನುಂಗುವಷ್ಟು ಹೊತ್ತು ಉಸಿರು ಹಿಡಿಯಬೇಕಾಗುತ್ತದೆ. ಅಷ್ಟು ಉಸಿರು ನನ್ನಲ್ಲಿರಲಿಲ್ಲ. ಎರಡು ತುತ್ತಿಗೆ ಎದೆ ಏರಿಳಿಯುತ್ತಿತ್ತು, ಮೂರನೆಯದಕ್ಕೆ ಗಂಟಲ ಕೆಳಗಿನ ಕುಳಿ ಒಳಗೆ ಸೆಳೆದುಕೊಳ್ಳುತ್ತಿತ್ತು. ಆಮೇಲೆ ತಟ್ಟೆ ಸರಿಸಿ ಗೋಡೆಗೆ ಒರಗಿ, ಹೆಗಲು ಎತ್ತಿಕೊಂಡು, ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದೆ.

ನಮ್ಮದು ಬೆಟಗೇರಿಯ ಪಿಂಜಾರರ ಮನೆ. ಅಪ್ಪ ಅರಳೆ ಹಿಂಜಿ ಗಾದಿ, ತಲೆದಿಂಬು ಮಾಡುತ್ತಿದ್ದ. ಮನೆಯಲ್ಲಿದ್ದದ್ದೇ ಎರಡು ಕೋಣೆ. ಮುಂದಿನ ಪಡಸಾಲೆಯಲ್ಲಿ ಜಂತಿಗೆ ಹಗ್ಗ ಕಟ್ಟಿ ಆಳೆತ್ತರದ ಬಿಲ್ಲನ್ನು ತೂಗುಬಿಟ್ಟಿದ್ದ. ಅದರ ಹೆದೆಯನ್ನು ಅರಳೆಯ ಗುಡ್ಡೆಗೆ ತಾಗಿಸಿ ಕೊಡತಿಯಿಂದ ಹೊಡೆದರೆ ಟೊಂಯ್ ಎಂದು ಸದ್ದಾಗಿ, ಗಂಟುಗಂಟಾಗಿದ್ದ ಹಳೆಯ ಅರಳೆ ಸಿಡಿದು ಬಿಚ್ಚಿಕೊಳ್ಳುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಅದೇ ಸದ್ದು. ಅರಳೆಯ ಸಣ್ಣ ಎಳೆಗಳು ಹಾರಾಡಿಕೊಂಡು ಒಳಗಿನ ಕೋಣೆಗೆ ಬಂದು ಹಾಲಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಆಯಿಯ ಹುಬ್ಬಿನ ಮೇಲೆ ಕೂರುತ್ತಿದ್ದವು. ಆಯಿ ಎಂದರೆ ಅಪ್ಪನ ತಾಯಿ. ಮಗ ಹಿಂಜುವ ಅರಳೆ ಹುಬ್ಬಿಗೆ ಹತ್ತಿದರೆ ಅವಳು ಒರೆಸಿಕೊಳ್ಳುತ್ತಿರಲಿಲ್ಲ. ಅದು ಅನ್ನ ಕೊಡುವ ಧೂಳು ಎಂದು ಅವಳ ನಂಬಿಕೆ. ಅವಳ ಗಂಡ, ಅಂದರೆ ನನ್ನ ಅಜ್ಜ, ಅದೇ ಬಿಲ್ಲು ಹಿಡಿದು ಸಂಸಾರ ಸಾಗಿಸಿದವನು. ಅಪ್ಪನ ಕೈಗೆ ಅದನ್ನು ಕೊಟ್ಟು ಸತ್ತವನು.

ಗದಗಿನ ಡಾಕ್ಟರರ ಬಳಿಗೆ ನನ್ನನ್ನು ಎಷ್ಟು ಸಲ ಎತ್ತಿಕೊಂಡು ಹೋದಳೋ ಅವ್ವನಿಗೂ ನೆನಪಿರಲಿಕ್ಕಿಲ್ಲ. ವಯಸ್ಸಾದ, ಕಡಿಮೆ ಮಾತಿನ ಮನುಷ್ಯ ಅವರು. ಒಂದು ದಿನ ನನ್ನ ಲಂಗದ ಮೇಲಿಂದ ಅರಳೆಯ ಎಳೆಯೊಂದನ್ನು ಹೆಕ್ಕಿ ಬೆಳಕಿಗೆ ಹಿಡಿದು ನೋಡಿದರು. ಇದು ಇರುವ ಮನೆಯಲ್ಲಿ ಈ ಹುಡುಗಿ ಇದ್ದರೆ ತಮ್ಮ ಔಷಧ ಏನೂ ಮಾಡುವುದಿಲ್ಲ, ಗಾಳಿ ಒಳ್ಳೆಯದಿರುವ ಕಡೆ ಕರೆದುಕೊಂಡು ಹೋಗು ಎಂದರು. ಅವ್ವ ಮನೆಗೆ ಬಂದು, ನನ್ನನ್ನು ಇಳಿಸಿ, ಕೊಡದಿಂದ ನೀರು ಕುಡಿದು, ಅಪ್ಪನ ಬಿಲ್ಲಿನ ಸದ್ದು ನಿಲ್ಲುವವರೆಗೆ ಕಾದು ಹೇಳಿದಳು:

"ನಾ ಕೂಸಿನ್ನ ಕರಕೊಂಡು ಡೋಣಿಗೆ ಹೊಕ್ಕೇನ್ರಿ."

ಡೋಣಿ ಕಪ್ಪತಗುಡ್ಡದ ಕೆಳಗಿನ ಊರು. ಅಲ್ಲಿಯ ನೀಲವ್ವ ಎಂಬ ರೈತರ ಹೆಂಗಸಿನ ಮಗಳ ಮದುವೆಗೆ ಅಪ್ಪ ಗಾದಿ ಮಾಡಿಕೊಟ್ಟಿದ್ದ. ಆಗ ಅವ್ವನೂ ಹೊಲಿಗೆಗೆ ಜೊತೆಯಾಗಿ ಹೋಗಿ ನಾಲ್ಕು ದಿನ ಇದ್ದು ಬಂದಿದ್ದಳು. ಗುಡ್ಡದ ಗಿಡಮೂಲಿಕೆಯ ಗಾಳಿಗೆ ಎಂಥ ದಮ್ಮೂ ನಿಲ್ಲುತ್ತದೆ ಎಂದು ಅಲ್ಲಿಯವರು ಹೇಳಿದ್ದು ಅವಳ ತಲೆಯಲ್ಲಿ ಕೂತಿತ್ತು. ನೀಲವ್ವನ ಮನೆಯ ಹಿತ್ತಲಲ್ಲಿ ಒಂದು ಖಾಲಿ ಕೋಣೆಯಿತ್ತು. ಹಳೆ ಬಟ್ಟೆಯ ಕೌದಿ ಹೊಲಿದು ಹೊಟ್ಟೆ ಹೊರೆಯುತ್ತೇನೆ ಎಂದು ಅವ್ವ ಹೇಳಿದಳು. ಅಪ್ಪ ಕೊಡತಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತ. ಆಯಿ ಮಾತ್ರ ಸುಮ್ಮನಿರಲಿಲ್ಲ. ಗಂಡನನ್ನು ಬಿಟ್ಟು ಬೇರೆ ಊರಿನಲ್ಲಿ ಮನೆ ಹೂಡುವ ಹೆಂಗಸನ್ನು ನಮ್ಮ ಓಣಿ ಏನನ್ನುತ್ತದೆ, ಇದ್ದೊಬ್ಬ ಮೊಮ್ಮಗಳನ್ನು ಕಾಡಿಗೆ ಒಯ್ಯುತ್ತೀಯಾ, ನನ್ನ ಮಕ್ಕಳೆಲ್ಲ ಇದೇ ಅರಳೆಯಲ್ಲಿ ಉರುಳಾಡಿ ಬೆಳೆಯಲಿಲ್ಲವೇ ಎಂದು ಎರಡು ದಿನ ಜಗಳವಾಡಿದಳು. ಮೂರನೆಯ ದಿನ ಒಲೆಯ ಮುಂದೆ ಕೂತು ಅತ್ತಳು. ಅವ್ವ ಅವಳ ಪಕ್ಕದಲ್ಲೇ ಕೂತು ದಾರಿಗೆ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಡಿಯುವ ಸದ್ದು ಒಮ್ಮೆಯೂ ತಪ್ಪಲಿಲ್ಲ.

ದಸರೆ ಮುಗಿದ ಮೇಲೆ, ಚಳಿ ಶುರುವಾಗುವಾಗ ನಾವು ಡೋಣಿಗೆ ಬಂದೆವು. ಒಂದು ಟ್ರಂಕು, ಹಿಟ್ಟು ನಾದುವ ಕೊಣಮಿಗೆ, ಹಂಚು, ಜೋಳದ ಚೀಲ. ಗಾದಿ ಮಾಡುವವನ ಮಗಳಾದ ನಾನು ಆ ದಿನದಿಂದ ಚಾಪೆಯ ಮೇಲೆ ಮಲಗಿದೆ. ಗಾದಿಯನ್ನು ಅವ್ವ ಬೇಕೆಂದೇ ಬಿಟ್ಟು ಬಂದಿದ್ದಳು. ಬಾಗಿಲು ತೆಗೆದರೆ ಎದುರಿಗೇ ಗುಡ್ಡ. ಬೆಳಿಗ್ಗೆ ಕಪ್ಪಗೆ, ಬಿಸಿಲೇರಿದ ಮೇಲೆ ಕಂದುಬಣ್ಣಕ್ಕೆ ತಿರುಗುತ್ತಿತ್ತು. ಅಪ್ಪ ಗುರುವಾರ ಸಂಜೆಯ ಬಸ್ಸಿಗೆ ಬಂದು, ಶುಕ್ರವಾರದ ನಮಾಜು ಇಲ್ಲಿಯೇ ಮಾಡಿ, ಶನಿವಾರ ಬೆಳಿಗ್ಗೆ ತಿರುಗಿ ಹೋಗುತ್ತಿದ್ದ. ಒಳಗೆ ಬರುವ ಮುಂಚೆ ಹಿತ್ತಲಲ್ಲಿ ಸ್ನಾನ ಮಾಡಿ ಬಟ್ಟೆ ಬದಲಿಸಬೇಕೆಂದು ಅವ್ವ ಕಟ್ಟುನಿಟ್ಟು ಮಾಡಿದ್ದಳು.

ಮೊದಲ ಹದಿನೈದು ದಿನ ಸ್ವಲ್ಪ ಆರಾಮೆನಿಸಿತು, ಆದರೆ ತಟ್ಟೆ ಸರಿಸುವ ರೂಢಿ ಬಿಡಲಿಲ್ಲ. ಒಂದು ಮಧ್ಯಾಹ್ನ ಅವ್ವ ನನ್ನ ಮುಂದಿನಿಂದ ತಟ್ಟೆ ಎತ್ತಿಕೊಂಡಳು. ರೊಟ್ಟಿ, ಶೇಂಗಾ ಕುಟ್ಟಿದ ಹಿಂಡಿ, ಮೊಸರಿನ ಗಡಿಗೆ, ಉಳ್ಳಾಗಡ್ಡಿ ಎಲ್ಲವನ್ನೂ ಅರಿವೆಯಲ್ಲಿ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡಳು.

"ಊರ ಹೊರಗಿನ ಹುಣಸಿಗಿಡದ ಬುಡಕ ಕುಂತಿರ್ತೇನಿ. ಉಣಬೇಕನ್ಸಿದ್ರ ಅಲ್ಲಿಗೆ ಬಾ. ಸಾವಕಾಶ ಬಾ, ಆದ್ರ ನಡಕೋತ ಬಾ."

ಹೇಳಿ ಹೊರಟೇಬಿಟ್ಟಳು. ಅವಳ ಬೆನ್ನನ್ನು ನೋಡುತ್ತ ನಾನು ಹೊಸ್ತಿಲ ಮೇಲೆ ಕೂತೆ. ಸಿಟ್ಟು ಬಂತು, ಆಮೇಲೆ ಅಳು ಬಂತು. ಅತ್ತರೆ ಉಸಿರು ಕಟ್ಟುತ್ತದೆಂದು ಗೊತ್ತಿದ್ದರಿಂದ ಅಳುವುದನ್ನು ಬಿಟ್ಟು ಎದ್ದೆ. ಹುಣಸೆಮರ ಮುಟ್ಟುವಷ್ಟರಲ್ಲಿ ನಾಲ್ಕು ಕಡೆ ಕೂತಿದ್ದೆ. ಅವ್ವ ಹೊಗಳಲಿಲ್ಲ, ಕೈಯನ್ನೂ ಹಿಡಿಯಲಿಲ್ಲ. ಅರ್ಧ ರೊಟ್ಟಿ ಮುರಿದು ಮೊಸರು, ಹಿಂಡಿ ಹಾಕಿ ಕೊಟ್ಟಳು. ಅದನ್ನು ನಾನು ತಿಂದೆ. ತಿಂದದ್ದು ಗೊತ್ತಾದದ್ದು ಕೈ ಖಾಲಿಯಾದ ಮೇಲೆ.

ಎಂಟು ದಿನದ ಮೇಲೆ ಬುತ್ತಿಯ ಗಂಟು ಹುಣಸೆಮರ ಬಿಟ್ಟು ದನ ನೀರು ಕುಡಿಯುವ ಹೊಂಡಕ್ಕೆ ಹೋಯಿತು. ಆಮೇಲೆ ಗುಡ್ಡದ ಬುಡದ ಕವಳಿಹಣ್ಣಿನ ಮೆಳೆಗೆ. ಸಂಕ್ರಾಂತಿಯ ಹೊತ್ತಿಗೆ ಮೊದಲ ಏರಿನ ಮೇಲಿನ ಹಾಸುಬಂಡೆಗೆ. ಪ್ರತಿ ಸಲ ಜಾಗ ಬದಲಾದಾಗ ನಾನು ಬೈದುಕೊಳ್ಳುತ್ತಿದ್ದೆ. ಪ್ರತಿ ಸಲ ಮುಟ್ಟುತ್ತಿದ್ದೆ. ನಾನು ನಡೆಯುವಾಗಲೆಲ್ಲ ನೀಲವ್ವನ ಆಡುಗಳು ನನ್ನ ಹಿಂದೆಯೇ ಮೇಯುತ್ತಿದ್ದವು, ಅವುಗಳ ಹಿಂದೆ ನೀಲವ್ವ ಬರುತ್ತಿದ್ದಳು. ಅವಳ ದಾರಿಯೂ ಅದೇ ಎಂದುಕೊಂಡಿದ್ದೆ. ನನಗೆ ಮದುವೆಯಾಗಿ ಮಕ್ಕಳಾದ ಮೇಲೆ ಅವಳೇ ಹೇಳಿದಳು: ಆಡು ಮೇಯಿಸುವ ಜಾಗ ಅದಾಗಿರಲಿಲ್ಲ, ಕೂಸು ಎಲ್ಲಿಯಾದರೂ ಕುಸಿದರೆ ಎತ್ತಿಕೋ ಅಕ್ಕಾ ಎಂದು ಅವ್ವ ಅವಳ ಕಾಲು ಹಿಡಿದಿದ್ದಳಂತೆ. ನಾನು ಬರುವುದು ತಡವಾದ ದಿನ ಅವ್ವ ಬಂಡೆಯ ಹಿಂದೆ ನಿಂತು ಸೆರಗನ್ನು ಬಾಯಿಗೆ ತುರುಕಿಕೊಂಡು ಇಣುಕುತ್ತಿದ್ದಳಂತೆ. ನಾನು ಕಂಡದ್ದು ಮಾತ್ರ ಯಾವಾಗಲೂ ಬುತ್ತಿಯ ಮುಂದೆ ಕಾಲು ಮಡಚಿ ಕೂತ, ಏನೂ ಆಗಿಲ್ಲವೆಂಬಂಥ ಅವಳ ಮುಖವನ್ನೇ.

ಹಾಸುಬಂಡೆಯ ಆ ಊಟಗಳನ್ನು ಈಗಲೂ ಒಂದೊಂದಾಗಿ ಹೇಳಬಲ್ಲೆ. ಹಿಂದಿನ ದಿನದ ಖಟಕ್ ರೊಟ್ಟಿಯನ್ನು ಮೊಸರಿನಲ್ಲಿ ಮುರಿದು ಹಾಕಿ ಮೆತ್ತಗಾಗಲು ಬಿಟ್ಟು, ಅಷ್ಟರಲ್ಲಿ ನಾವು ನೆಲ್ಲಿಕಾಯಿ ಹೆಕ್ಕಿ ಬರುತ್ತಿದ್ದೆವು. ನೀಲವ್ವನ ಹೊಲದ ಹಕ್ಕರಿಕೆ ಸೊಪ್ಪನ್ನು ಹಸಿಯಾಗಿಯೇ ಹಿಂಡಿಯ ಜೊತೆ ಕಡಿಯುವುದು. ಕೆಲವು ದಿನ ಎಣ್ಣೆಗಾಯಿ ಬದನೆ, ಕೆಲವು ದಿನ ಝುಣಕದ ವಡೆ. ನೀಲವ್ವ ತನ್ನ ಗಂಟು ಬಿಚ್ಚಿ ಅಗಸಿ ಹಿಂಡಿ ಕೊಡುತ್ತಿದ್ದಳು; ಅವ್ವ ಅವಳಿಗೆ ಕೆಂಪು ಮೆಣಸಿನಕಾಯಿ ಅರೆದ ಖಾರ ಕೊಡುತ್ತಿದ್ದಳು. ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಅದರಲ್ಲಿ ಒಣಗಿದ ಹುಲ್ಲಿನ, ಯಾವುದೋ ಕಹಿ ಎಲೆಯ ವಾಸನೆಯಿರುತ್ತಿತ್ತು. ಕೆಳಗೆ ಹೊಲಗಳು, ಆಚೆ ಡಂಬಳದ ಕೆರೆಯ ಹೊಳಪು. ಒಂದು ದಿನ ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಚಾಚಿದೆ. ಅವ್ವ ಕೊಟ್ಟು, ಮುಖ ಆಚೆ ತಿರುಗಿಸಿ ಗುಡ್ಡವನ್ನು ನೋಡುತ್ತ ಬಹಳ ಹೊತ್ತು ಕೂತಳು.

ಆಯಿ ಆ ಬೇಸಿಗೆಯಲ್ಲಿ ನೋಡಲು ಬಂದಳು. ಬಂದ ದಿನವೇ ಮಧ್ಯಾಹ್ನ ಅವ್ವ ಬುತ್ತಿ ಕಟ್ಟಿಕೊಂಡು ಹೋದದ್ದನ್ನೂ, ನಾನು ಬಿಸಿಲಿನಲ್ಲಿ ಅದರ ಹಿಂದೆ ಹೊರಟದ್ದನ್ನೂ ಕಂಡಳು. ಹಾಸುಬಂಡೆಯವರೆಗೆ ಹತ್ತಲಾಗದೆ ಕವಳಿ ಮೆಳೆಯ ಹತ್ತಿರ ನಿಂತು ಕೂಗಿ ಕರೆದಳು. ನಾವು ಇಳಿದು ಬಂದ ಮೇಲೆ ಅವಳ ಸಿಟ್ಟಿಗೆ ಮಿತಿಯೇ ಇರಲಿಲ್ಲ. ನಾಯಿಗೂ ಕರೆದು ಹಾಕುತ್ತಾರೆ, ನೀನು ಹೆತ್ತ ಮಗಳನ್ನು ಅನ್ನಕ್ಕಾಗಿ ಗುಡ್ಡ ಹತ್ತಿಸುತ್ತೀ ಎಂದಳು. ಅವ್ವ ಒಂದೇ ಮಾತು ಹೇಳಿದ್ದು:

"ಅತ್ತಿ, ನೀವು ಬೈರಿ. ಆದ್ರ ಅಕಿ ಮೈ ಒಮ್ಮೆ ಮುಟ್ಟಿ ನೋಡ್ರಿ."

ಆಯಿ ಮುಟ್ಟಿ ನೋಡಲಿಲ್ಲ. ರಂಜಾನ್ ಹಬ್ಬಕ್ಕೆಂದು ನನ್ನನ್ನು ಬೆಟಗೇರಿಗೆ ಕರೆದುಕೊಂಡು ಹೋದಳು. ಹೊಲಿಗೆ ಬಿಟ್ಟು ತಾನು ಬರಲಾಗದಿದ್ದರೂ, ಹಬ್ಬಕ್ಕೆ ಕಳಿಸುವುದಿಲ್ಲವೆಂದು ಹೇಳುವುದು ಅವ್ವನಿಂದಲೂ ಆಗಲಿಲ್ಲ. ಎರಡು ದಿನದಲ್ಲಿ ಕಳಿಸುವುದು ಎಂದಾಗಿತ್ತು. ಹಬ್ಬದ ದಿನ ಹೊಸ ಬಟ್ಟೆ, ಸುರಕುಂಬಾ, ಮಟನ್ ಸಾರು. ಆಯಿ ಪಕ್ಕದಲ್ಲಿ ಕೂತು ಬಾಯಿಗಿಟ್ಟಳು. ಹಬ್ಬ ಮುಗಿದ ಮರುದಿನ ಬಿಲ್ಲಿನ ಸದ್ದು ಶುರುವಾಯಿತು. ಆಯಿ ಕಳಿಸುವ ಮಾತೆತ್ತಲಿಲ್ಲ. ಇಲ್ಲೇ ಇರು, ಕೂತಲ್ಲಿಗೆ ಊಟ ಕೊಡುತ್ತೇನೆ ಎಂದಳು. ಅಪ್ಪ ತಾಯಿಗೆ ಎದುರಾಡುವವನಲ್ಲ. ನಾಲ್ಕನೆಯ ದಿನ ನನ್ನ ಎದೆಯಲ್ಲಿ ಹಳೆಯ ಸಿಳ್ಳೆ ಕೇಳಿಸಿತು. ಐದನೆಯ ದಿನ ಆಯಿ ಇಟ್ಟ ತಟ್ಟೆಯನ್ನು ಸರಿಸಿದೆ. ಹೆದರಿಕೆಯಾದದ್ದು ಆಗಲೇ. ಅದಕ್ಕೂ ಮುಂಚೆ ನಾನು ಆ ಸಿಳ್ಳೆಗೆ ಹೆದರಿದ್ದೇ ಇಲ್ಲ. ಅದಿಲ್ಲದ ದಿನ ಹೇಗಿರುತ್ತದೆಂದು ಗೊತ್ತಿರಲಿಲ್ಲವಲ್ಲ.

ಆರನೆಯ ದಿನ ಬೆಳಿಗ್ಗೆ ಎದ್ದು, ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು ನನ್ನ ಹಳೆಯ ಲಂಗದಲ್ಲಿ ಸುತ್ತಿಕೊಂಡು ಮನೆಯಿಂದ ಹೊರಬಿದ್ದೆ. ಬೆಟಗೇರಿಯಿಂದ ಗದಗಿನ ಬಸ್‌ಸ್ಟ್ಯಾಂಡಿಗೆ ದಾರಿ ನನಗೆ ಗೊತ್ತಿತ್ತು. ಡಾಕ್ಟರರ ಬಳಿಗೆ ಹೋಗುವಾಗ ಅವ್ವನ ಹೆಗಲ ಮೇಲಿಂದ ನೋಡಿ ಕಲಿತ ದಾರಿ ಅದು. ಆಯಿ ಹಿಂದಿನಿಂದ ಕೂಗುತ್ತ, ಚಪ್ಪಲಿಯೂ ಇಲ್ಲದೆ ಬಂದಳು. ನಾನು ನಿಲ್ಲಲಿಲ್ಲ. ಓಡಲೂ ಇಲ್ಲ. ಓಡಿದರೆ ಉಸಿರು ಹೋಗುತ್ತದೆ, ಸಾವಕಾಶ ನಡೆದರೆ ಎಷ್ಟು ದೂರವನ್ನಾದರೂ ಮುಟ್ಟಬಹುದು ಎಂಬುದನ್ನು ಗುಡ್ಡದಲ್ಲಿ ಕಲಿತಿದ್ದೆ. ರೈಲ್ವೆ ಹಳಿಯ ಹತ್ತಿರ ಅವಳು ನನ್ನ ಕೈ ಹಿಡಿದಳು.

"ಆಯಿ, ನಂಗ ಇಲ್ಲಿ ಉಸರ ಬರೂದಿಲ್ಲ. ನಾ ಡೋಣಿಗೆ ಹೊಕ್ಕೇನಿ. ಇವತ್ತ ಹಿಡದ ಒಯ್ದ್ರ ನಾಳೆ ಹೊಕ್ಕೇನಿ."

ಹಿರಿಯರ ಮುಂದೆ ಅಂಥ ಮಾತನ್ನು ನಾನು ಆಡಿದ್ದು ಅದೇ ಮೊದಲು. ಆಯಿ ನನ್ನ ಎದೆಯ ಮೇಲೆ ಅಂಗೈ ಇಟ್ಟಳು. ಒಳಗಿನ ಗೊರಗೊರ ಅವಳ ಕೈಗೆ ತಾಗಿರಬೇಕು. ಕೈ ತೆಗೆಯಲಿಲ್ಲ. ಆಮೇಲೆ ಬರಿಗಾಲಿನಲ್ಲೇ ನನ್ನೊಡನೆ ಬಸ್‌ಸ್ಟ್ಯಾಂಡಿಗೆ ಬಂದಳು. ಡೋಣಿಯಲ್ಲಿ ಇಳಿದು ಅವ್ವನ ಕೈಗೆ ನನ್ನನ್ನು ಒಪ್ಪಿಸಿ, ಒಂದು ಲೋಟ ನೀರು ಕೇಳಿ ಕುಡಿದು, ಇನ್ನು ಮೇಲೆ ನಾನು ಬಾಯಿ ಹಾಕುವುದಿಲ್ಲ ಎಂದಳು. ಮರಳಿ ಹೋಗಲೂ ಇಲ್ಲ. ಅಪ್ಪನಿಗೆ ಬೆಟಗೇರಿಯಲ್ಲಿ ಊಟ ಯಾರು ಹಾಕುತ್ತಾರೆಂಬ ಯೋಚನೆ ಅವಳನ್ನು ತಿಂಗಳುಗಟ್ಟಲೆ ಕಾಡಿತು, ಆದರೂ ಉಳಿದಳು. ಮಳೆಗಾಲಕ್ಕೆ ನನ್ನನ್ನು ಡೋಣಿಯ ಶಾಲೆಗೆ ಹಾಕಿದರು. ಆಗಿನಿಂದ ಗುಡ್ಡದ ಊಟ ಶನಿವಾರ, ರವಿವಾರ ಮಾತ್ರ. ಬುತ್ತಿ ಹಾಸುಬಂಡೆಯನ್ನೂ ದಾಟಿ ಮೇಲಿನ ತಿರುವಿಗೆ ಹೋಗಿತ್ತು.

ಮಳೆ ಮುಗಿದು ಗುಡ್ಡವೆಲ್ಲ ಹಸಿರಾಗಿದ್ದ ಒಂದು ವಾರ ಅಪ್ಪ ಒಂದು ದಿನ ಹೆಚ್ಚಿಗೆ ಉಳಿದ. ಶನಿವಾರ ಶಾಲೆ ಬಿಟ್ಟ ಮೇಲೆ ಅವನೂ ನಮ್ಮ ಜೊತೆ ಹೊರಟ. ಈ ಸಲ ನೆತ್ತಿಯ ಮೇಲೆಯೇ ಊಟ ಎಂದು ಅವ್ವ ಬೆಳಿಗ್ಗೆಯೇ ಹೇಳಿದ್ದಳು. ಅವಳು ಮುಂದೆ, ನಾನು ನಡುವೆ, ಅಪ್ಪ ಹಿಂದೆ. ಹೊಂಡದವರೆಗೆ ಹಾಡು ಗುನುಗುತ್ತ ಬಂದ. ಕವಳಿ ಮೆಳೆ ದಾಟಿದ ಮೇಲೆ ಹಾಡು ನಿಂತಿತು. ಹಾಸುಬಂಡೆಯನ್ನು ನಾನು ಮುಟ್ಟಿ ಹಿಂತಿರುಗಿ ನೋಡಿದರೆ ಅವನು ಬಹಳ ಕೆಳಗೆ, ಒಂದು ಕಲ್ಲಿನ ಮೇಲೆ ಕೂತಿದ್ದ. ಇಳಿದು ಹೋಗಿ ಏನಾಯಿತೆಂದು ಕೇಳಿದೆ. ಏನಿಲ್ಲ, ಕೆರೆ ನೋಡುತ್ತಿದ್ದೇನೆ ಎಂದ. ಕೆರೆಯ ಕಡೆ ಅವನ ಮುಖವೇ ಇರಲಿಲ್ಲ. ಎರಡೂ ಕೈ ಮೊಣಕಾಲಿಗೆ ಊರಿದ್ದ. ಹೆಗಲು ಎತ್ತಿಕೊಂಡಿದ್ದ. ಗಂಟಲ ಕೆಳಗಿನ ಕುಳಿ ಒಳಗೆ ಸೆಳೆದುಕೊಳ್ಳುತ್ತಿತ್ತು. ಬೇರೆ ಯಾರಾದರೂ ನೋಡಿದ್ದರೆ ದಣಿದಿದ್ದಾನೆ ಎಂದುಕೊಳ್ಳುತ್ತಿದ್ದರು. ನನಗೆ ಅದು ಒಳಗಿನಿಂದ ಗೊತ್ತಿತ್ತು.

ಮೇಲೆ ಹತ್ತಿ ಹೋಗಿ ಅವ್ವನಿಗೆ ಇಳಿದು ಬಾ ಎಂದೆ. ಅವಳು ನಿಂತಲ್ಲಿಂದಲೇ, ಸಾವಕಾಶ ಬರಲಿ, ನಾವು ಮೇಲೆ ಕಾಯೋಣ ಎಂದಳು. ನನಗೆ ಮಾಡಿದಂತೆ ಅವನಿಗೂ ಮಾಡುತ್ತಿದ್ದಾಳೆ ಎಂದು ತಿಳಿಯಿತು.

"ಅವ್ವಾ, ಅಪ್ಪಗ ದಣಿವಾಗಿಲ್ಲ. ನಂಗ ಇತ್ತಲ್ಲ, ಅದ ಐತಿ."

ಬುತ್ತಿ ತಲೆಯ ಮೇಲಿದ್ದಂತೆಯೇ ಅವ್ವ ಕೆಳಗೆ ಇಳಿದಳು. ಅಷ್ಟು ಜೋರಾಗಿ ಅವಳು ಗುಡ್ಡ ಇಳಿದದ್ದನ್ನು ನಾನು ಮತ್ತೆ ನೋಡಲಿಲ್ಲ. ಅಪ್ಪನ ಪಕ್ಕದಲ್ಲಿ ಗಂಟು ಇಳಿಸಿ, ಬೆನ್ನು ನೀವಿ, ನೀರು ಕುಡಿಸಿದಳು. ಉಸಿರು ಹದಕ್ಕೆ ಬಂದ ಮೇಲೆ, ಎಷ್ಟು ದಿನವಾಯಿತು ಎಂದು ಅವ್ವ ಕೇಳಿದಳು. ಎರಡು ವರ್ಷದ ಮೇಲಾಯಿತು ಎಂದ. ಯಾಕೆ ಹೇಳಲಿಲ್ಲ ಎಂದಳು.

"ನೀವಿಬ್ರು ಇಲ್ಲಿರಬೇಕಂದ್ರ ಅಲ್ಲಿ ಯಾರರ ಬಿಲ್ಲ ಹಿಡೀಬೇಕಲ್ಲ."

ಆ ಕಲ್ಲಿನ ಬಳಿಯೇ ಉಂಡೆವು. ಗೋದಿ, ಬೆಲ್ಲದ ಮಾದಲಿ ಮಾಡಿ ತಂದಿದ್ದಳು ಅವ್ವ, ನೆತ್ತಿಯ ಮೇಲೆ ತಿನ್ನಲೆಂದು. ಅಪ್ಪ ಎರಡು ತುತ್ತು ತಿಂದು ಕೈ ಬಿಟ್ಟ. ನಾನು ಅವನ ತಟ್ಟೆಯನ್ನು ಅವನ ತೊಡೆಯ ಮೇಲೆ ಮತ್ತೆ ಇಟ್ಟೆ. ಬಿಲ್ಲು ಬಿಟ್ಟುಬಿಡು, ಬಿಡುವವರೆಗೂ ನಾನು ಶಾಲೆಗೆ ಹೋಗುವುದಿಲ್ಲ ಎಂದೆ. ಹತ್ತು ವರ್ಷದ ಹುಡುಗಿಯ ಮಾತಿಗೆ ಅವನು ನಗಬಹುದಿತ್ತು. ನಗಲಿಲ್ಲ.

ಆದರೆ ತೀರ್ಮಾನ ಮಾಡಿದವಳು ಆಯಿ. ಮನೆಗೆ ಬಂದು ಅವ್ವ ನಡೆದದ್ದನ್ನು ಹೇಳಿದಾಗ ಅವಳು ಗೋಡೆ ಹಿಡಿದು ಕೂತಳು. ನನ್ನ ಅಜ್ಜ ಕೊನೆಯ ನಾಲ್ಕು ವರ್ಷ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದದ್ದು, ಪಿಂಜಾರರ ಗಂಡಸರಿಗೆ ಮುಪ್ಪು ಬಂದರೆ ಹಾಗೇ ಎಂದು ಓಣಿಯವರೆಲ್ಲ ತಿಳಿದದ್ದು, ಎಲ್ಲವನ್ನೂ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಅಪ್ಪನನ್ನು ಎದುರಿಗೆ ಕೂರಿಸಿಕೊಂಡಳು.

"ನಿಮ್ಮಪ್ಪ ಕೊಟ್ಟಿದ್ದಂತ ಹಿಡಕೊಂಡು ಕುಂದ್ರಬ್ಯಾಡ. ಅವಂಗ ಬಿಡ ಅನ್ನಾಕ ಯಾರೂ ಇರಲಿಲ್ಲ. ನಾನರ ಅನ್ನಬೇಕಾಗಿತ್ತು, ಅನ್ನಲಿಲ್ಲ. ನಿಂಗ ಅಂತೇನಿ."

ಅಪ್ಪ ಬೆಟಗೇರಿಗೆ ಹೋದದ್ದು ಇನ್ನೊಂದೇ ಸಲ, ಮನೆ ಖಾಲಿ ಮಾಡಲು. ಬಿಲ್ಲನ್ನು ಯಾರಿಗೂ ಕೊಡಲಿಲ್ಲ. ಇನ್ನೊಬ್ಬರ ಮನೆಗೆ ಅದು ಹೋಗುವುದು ಬೇಡವೆಂದು ಹೆದೆ ಬಿಚ್ಚಿ, ಮರವನ್ನು ಸೀಳಿ ಹಾಕಿದ. ನಲವತ್ತರ ಹತ್ತಿರದ ವಯಸ್ಸಿನಲ್ಲಿ ಡಂಬಳದ ಒಬ್ಬ ದರ್ಜಿಯ ಬಳಿ ಹೋಗಿ ಕೂತು ಅಂಗಿ ಹೊಲಿಯಲು ಕಲಿತ. ಗಾದಿಗೆ ದಬ್ಬಣ ಹಾಕಿದ ಕೈಗೆ ಸಣ್ಣ ಹೊಲಿಗೆ ಒಗ್ಗಲಿಲ್ಲ. ಮೊದಲು ಹೊಲಿದದ್ದು ತನ್ನದೇ ಅಂಗಿ. ಕಾಲರು ಒಂದು ಕಡೆ ಎದ್ದು ನಿಂತಿತ್ತು. ಒಂದು ವರ್ಷ ಅವ್ವನ ಕೌದಿಯೇ ನಾಲ್ವರ ಹೊಟ್ಟೆ ನೋಡಿಕೊಂಡಿತು. ಬಹಳ ದಿನ ನಮ್ಮ ಬುತ್ತಿಯಲ್ಲಿ ಎಣ್ಣೆಗಾಯಿ ಇರಲಿಲ್ಲ, ರೊಟ್ಟಿ, ಖಾರ ಅಷ್ಟೇ. ಅಪ್ಪನ ಕೆಮ್ಮು ಪೂರ್ತಿ ಹೋಗಲೇ ಇಲ್ಲ. ಆದರೆ ಅವನು ಮಲಗಿ ನಿದ್ದೆ ಮಾಡುವಂತಾದ.

ನೆತ್ತಿಯನ್ನು ನಾವು ಮುಟ್ಟಿದ್ದು ಮರುವರ್ಷದ ಚಳಿಗಾಲದಲ್ಲಿ. ಬೆಳಿಗ್ಗೆ ಬೇಗ ಹೊರಟು, ಅಪ್ಪ ಕೂತಾಗಲೆಲ್ಲ ಅವ್ವನೂ ನಾನೂ ಕೂತು, ಅವನು ಎದ್ದಾಗ ಎದ್ದು, ಮಧ್ಯಾಹ್ನ ದಾಟಿದ ಮೇಲೆ ತುದಿಗೆ ಬಂದೆವು. ಮೇಲೆ ಗಾಳಿಗೆ ನಿಲ್ಲಲಾಗುತ್ತಿರಲಿಲ್ಲ. ರೊಟ್ಟಿಯ ಮೇಲೆ ಕಲ್ಲಿಟ್ಟುಕೊಂಡು ಉಂಡೆವು. ಅಪ್ಪ ಎಲ್ಲ ದಿಕ್ಕನ್ನೂ ನೋಡಿದ, ಗದಗಿನ ಕಡೆ ತುಸು ಹೆಚ್ಚು ಹೊತ್ತು ನೋಡಿದ. ಇಳಿಯಬೇಕಲ್ಲ, ಜಲ್ದಿ ಉಣ್ಣಿ ಎಂದಳು ಅವ್ವ. ಬಿಸಿಲು ತಗ್ಗುವ ಹೊತ್ತಿಗೆ ಮನೆಗೆ ಬಂದಾಗ ಆಯಿ ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ಮೇಲಿನವರೆಗೆ ಹೋದಿರೋ, ಇಲ್ಲವೇ ಯಾರಾದರೂ ಹಿಂದೆ ಉಳಿದಿರೋ ಎಂದು ಕೇಳಿದಳು.

"ನಾ ಉಳದಿದ್ದೆ ಬೇ," ಎಂದ ಅಪ್ಪ, ಕಟ್ಟೆಯ ಮೇಲೆ ಕೂರುತ್ತ. "ಇವರು ಕುಂತ್ರು. ಆಮ್ಯಾಲ ಕೂಡೇ ಹೋದಿವಿ."